ಪಾರ್ಕಿಗೆ ಒಂದು ಹಗಲು, ಕೋಣೆಗೆ ನಾಲ್ಕು ರಾತ್ರಿ

ಬಂಡಳ್ಳಿ, ಹನೂರು, ಕೊಳ್ಳೇಗಾಲದ ಕಡೆಯಿಂದ ಬೆಂಗಳೂರಿಗೆ ಕೆಲಸಕ್ಕೆ ಹೋದ ಮಕ್ಕಳು ಕೈಯಲ್ಲಿ ನಾಲ್ಕು ಕಾಸು ಉಳಿದ ಮೇಲೆ ಆಡುವ ಮಾತೊಂದಿದೆ: ‘ಅಪ್ಪ ಅವ್ವನ್ನ ಒಂದ್ಸಲ ವಿಮಾನ ಹತ್ತಿಸ್ಬೇಕು.’ ಎಲ್ಲಿಗೆ ಎಂದು ಕೇಳಿದರೆ ಮೊಮ್ಮಕ್ಕಳ ಬಳಿ ಉತ್ತರ ಸಿದ್ಧವಾಗಿರುತ್ತದೆ. ಸಿಂಗಪುರದ ಯೂನಿವರ್ಸಲ್ ಸ್ಟುಡಿಯೋಸ್. ಮಕ್ಕಳ ಈ ಆಯ್ಕೆ ಸರಿಯಾಗಿಯೇ ಇದೆ. ಟೋಕಿಯೊ, ಹಾಂಕಾಂಗ್‌ಗಳ ಡಿಸ್ನಿಲ್ಯಾಂಡ್‌ಗಿಂತ ಇದು ಹತ್ತಿರ, ಬೆಂಗಳೂರಿನಿಂದ ಸುಮಾರು ನಾಲ್ಕೂವರೆ ಗಂಟೆಯ ಹಾರಾಟ. ವಿಮಾನದ ಟಿಕೆಟ್ಟಿನಲ್ಲಿ ಉಳಿಸಲು ಸಿಗುವುದು ಸ್ವಲ್ಪವೇ, ಪಾರ್ಕಿನ ಟಿಕೆಟ್ಟಿನಲ್ಲಿ ಇನ್ನೂ ಕಡಿಮೆ. ಮನೆಯವರ ಜಾಣತನ ಕೆಲಸಕ್ಕೆ ಬರುವುದು ತಂಗುವ ಜಾಗ ಆರಿಸುವಾಗ. ಅಲ್ಲಿ ಎಡವಿದರೆ ದುಡ್ಡೂ ಹೋಗುತ್ತದೆ, ಹಿರಿಯರ ಮೊಣಕಾಲೂ ಹೋಗುತ್ತದೆ.

ಹೆಚ್ಚಿನವರು ಮೊಬೈಲಿನಲ್ಲಿ ಮೊದಲು ಹುಡುಕುವುದು ‘ಯೂನಿವರ್ಸಲ್ ಸ್ಟುಡಿಯೋಸ್ ಹತ್ತಿರದ ಹೋಟೆಲ್’ ಎಂದು. ಈ ಪಾರ್ಕ್ ಇರುವುದು ಸಿಂಗಪುರದ ದಕ್ಷಿಣಕ್ಕೆ ಅಂಟಿಕೊಂಡಂತಿರುವ ಸೆಂಟೋಸ ದ್ವೀಪದಲ್ಲಿ, ರೆಸಾರ್ಟ್ಸ್ ವರ್ಲ್ಡ್ ಸೆಂಟೋಸ ಎಂಬ ದೊಡ್ಡ ಸಂಕೀರ್ಣದೊಳಗೆ. 2010ರಲ್ಲಿ ಬಾಗಿಲು ತೆರೆದ ಇದರ ವಿಸ್ತೀರ್ಣ ಸುಮಾರು 20 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ 50 ಎಕರೆ. ಬೆಳಿಗ್ಗೆ ಬಾಗಿಲು ತೆಗೆಯುವಾಗ ಒಳಗೆ ಹೋದರೆ ಸಂಜೆ ಮುಚ್ಚುವುದರೊಳಗೆ ನೋಡಿ ಮುಗಿಯುತ್ತದೆ. ಅಂದರೆ ನಾಲ್ಕು ರಾತ್ರಿಯ ಪ್ರವಾಸದಲ್ಲಿ ಪಾರ್ಕಿಗೆ ಸಲ್ಲುವುದು ಒಂದೇ ಹಗಲು. ಆ ಒಂದು ಹಗಲಿಗಾಗಿ ನಾಲ್ಕೂ ರಾತ್ರಿ ದ್ವೀಪದ ರೆಸಾರ್ಟ್ ದರ ತೆರುವುದರಲ್ಲಿ ಅರ್ಥವಿಲ್ಲ. ಉಳಿದ ಮೂರು ದಿನ ದೇವಸ್ಥಾನ, ಹಕ್ಕಿಗಳ ಉದ್ಯಾನ, ಅಂಗಡಿ ಬೀದಿ ಎಂದು ಊರೊಳಗೇ ತಿರುಗಬೇಕಾಗುತ್ತದೆ. ಹೀಗಾಗಿ ಕೋಣೆ ಊರೊಳಗಿರಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಮನೆಯಲ್ಲಿ ಎಲ್ಲರಿಗಿಂತ ಮೊದಲು ದಣಿಯುವವರು ಯಾರೋ, ಅವರಿಗೆ ಒಪ್ಪುವಂಥ ಕೋಣೆ ಹುಡುಕಿ. ರೈಡ್ ಹತ್ತುವ ಹುಡುಗರು ಎಲ್ಲಿ ಮಲಗಿಸಿದರೂ ಮಲಗುತ್ತಾರೆ.

ನೇರಳೆ ಗೆರೆಯ ಮೇಲೆ ಬೆರಳಿಡಿ

ಹೋಟೆಲಿನ ಜಾಹೀರಾತಿಗಿಂತ ಮೊದಲು ಸಿಂಗಪುರದ ಮೆಟ್ರೊ ನಕ್ಷೆ ತೆರೆದುಕೊಳ್ಳಿ. ಅಲ್ಲಿ ಅದನ್ನು ಎಂಆರ್‌ಟಿ ಎನ್ನುತ್ತಾರೆ. ನಕ್ಷೆಯಲ್ಲಿ ನೇರಳೆ ಬಣ್ಣದ ಗೆರೆಯೊಂದಿದೆ, ನಾರ್ತ್ ಈಸ್ಟ್ ಲೈನ್. ಅದರ ದಕ್ಷಿಣದ ಕೊನೆ ಹಾರ್ಬರ್‌ಫ್ರಂಟ್. ಆ ನಿಲ್ದಾಣದ ಮೇಲೆಯೇ ವಿವೊಸಿಟಿ ಎಂಬ ಮಾಲ್. ಅದರ ಮೂರನೆಯ ಹಂತದಿಂದ ಸೆಂಟೋಸ ಎಕ್ಸ್‌ಪ್ರೆಸ್ ಎಂಬ ಪುಟ್ಟ ರೈಲು ಹೊರಡುತ್ತದೆ, ಮೊದಲ ನಿಲುಗಡೆಯಲ್ಲೇ ಪಾರ್ಕ್. ಹೋಗುವಾಗ ತಲೆಗೆ 4 ಸಿಂಗಪುರ ಡಾಲರ್, ಬರುವಾಗ ಉಚಿತ. ಅದೂ ಬೇಡ ಎನ್ನುವವರು ವಿವೊಸಿಟಿಯ ಪಕ್ಕದ ಬೋರ್ಡ್‌ವಾಕ್ ಹಿಡಿದು ಸಮುದ್ರದ ಮೇಲೆ ನಡೆದೇ ಹೋಗಬಹುದು, ಅದಕ್ಕೆ ಕಾಸಿಲ್ಲ. ಬೆಳಗಿನ ತಂಪಿನಲ್ಲಿ ಆ ನಡಿಗೆ ಚೆನ್ನಾಗಿಯೇ ಇರುತ್ತದೆ. ಸಂಜೆ ದಣಿದು ಬರುವಾಗ ಮಾತ್ರ ರೈಲನ್ನೇ ಹತ್ತಿ.

ಇದೇ ನೇರಳೆ ಗೆರೆಯಲ್ಲಿ ಹಾರ್ಬರ್‌ಫ್ರಂಟ್‌ನಿಂದ ಎರಡನೆಯ ನಿಲ್ದಾಣ ಚೈನಾಟೌನ್, ಐದನೆಯದು ಲಿಟಲ್ ಇಂಡಿಯಾ, ಆರನೆಯದು ಫಾರರ್ ಪಾರ್ಕ್. ನಮ್ಮ ಕಡೆಯ ಕುಟುಂಬಕ್ಕೆ ಕೈಗೆಟುಕುವ ಕೋಣೆಗಳು ಸಿಗುವುದು ಈ ಮೂರರ ಸುತ್ತಮುತ್ತ. ಲಿಟಲ್ ಇಂಡಿಯಾದಿಂದ ಎಲ್ಲೂ ರೈಲು ಬದಲಿಸದೆ ಕಾಲು ಗಂಟೆಯೊಳಗೆ ಹಾರ್ಬರ್‌ಫ್ರಂಟ್ ತಲುಪಬಹುದು. ದರ ಒಬ್ಬರಿಗೆ ಎರಡು ಡಾಲರ್ ಒಳಗೇ. ಚಾಂಗಿ ವಿಮಾನ ನಿಲ್ದಾಣದಿಂದ ಬರುವುದೂ ಸುಲಭ. ಎಕ್ಸ್‌ಪೊ ನಿಲ್ದಾಣದಲ್ಲಿ ಒಂದು ಸಲ ಇಳಿದು ನೀಲಿ ಗೆರೆಯ ಡೌನ್‌ಟೌನ್ ಲೈನ್ ಹತ್ತಿದರೆ ನೇರ ಲಿಟಲ್ ಇಂಡಿಯಾ.

ಹೋಟೆಲಿನ ವಿವರದಲ್ಲಿ ‘ಎಂಆರ್‌ಟಿಗೆ ಹತ್ತಿರ’ ಎಂದಿದ್ದರೆ ಅಷ್ಟಕ್ಕೇ ನಂಬಬೇಡಿ. ನಕ್ಷೆಯಲ್ಲಿ ಹೋಟೆಲಿನಿಂದ ನಿಲ್ದಾಣದ ಬಾಗಿಲಿಗೆ ನಡಿಗೆಯ ದಾರಿ ಹಾಕಿ ನೋಡಿ. ಐದಾರು ನಿಮಿಷವಾದರೆ ಸರಿ. ಹದಿನೈದು ನಿಮಿಷವಾದರೆ ಅಲ್ಲಿನ ಸೆಕೆಯಲ್ಲಿ ಅಜ್ಜಿಯನ್ನು ದಿನಕ್ಕೆರಡು ಸಲ ನಡೆಸಬೇಕಾಗುತ್ತದೆ. ಬಾಲೆಸ್ಟಿಯರ್ ರಸ್ತೆಯಲ್ಲಿ ಅಗ್ಗದ ಹೋಟೆಲುಗಳು ಸಾಲಾಗಿವೆ. ಬಗಲಲ್ಲಿ ಮೆಟ್ರೊ ನಿಲ್ದಾಣ ಇಲ್ಲದಿರುವುದೂ ಅಲ್ಲಿ ಅಗ್ಗವಾಗಲು ಕಾರಣ. ಗೇಲಾಂಗ್ ಎಂಬ ಬಡಾವಣೆಯಲ್ಲಿ ದರ ಇನ್ನೂ ಕಡಿಮೆ ಕಾಣುತ್ತದೆ. ಅದರ ಒಳಗಲ್ಲಿಗಳಲ್ಲಿ ಕೆಲವು ಊರಿನ ಕೆಂಪುದೀಪದ ಪ್ರದೇಶ. ಹೆಂಡತಿ ಮಕ್ಕಳು, ತಂದೆ ತಾಯಿಯರೊಂದಿಗೆ ಹೋಗುವವರು ಆ ಉಳಿತಾಯದ ಆಸೆ ಬಿಡುವುದೇ ಒಳ್ಳೆಯದು.

ನೇರಳೆ ಗೆರೆಯ ಆ ಮೂರು ಜಾಗಗಳಲ್ಲಿ ಲಿಟಲ್ ಇಂಡಿಯಾವನ್ನೇ ನಾನು ಮುಂದಿಡುವುದಕ್ಕೆ ರೈಲಿನಾಚೆಗೂ ಕಾರಣವಿದೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಇಂದಿನ ಹನೂರು ತಾಲ್ಲೂಕೂ ಆಗ ಅದರೊಳಗೇ. ಗಡಿಯ ಸಂತೆ, ನೆಂಟಸ್ತಿಕೆ, ದನದ ವ್ಯಾಪಾರಗಳಿಂದ ನಮ್ಮ ಹಿರಿಯರಲ್ಲಿ ಅನೇಕರಿಗೆ ತಮಿಳು ಸಲೀಸು. ಸಿಂಗಪುರದ ನಾಲ್ಕು ಅಧಿಕೃತ ಭಾಷೆಗಳಲ್ಲಿ ತಮಿಳೂ ಒಂದು. ಲಿಟಲ್ ಇಂಡಿಯಾದ ಸೆರಂಗೂನ್ ರಸ್ತೆಯಲ್ಲಿ ಹೂವು ಮಾರುವವರು, ತರಕಾರಿಯವರು, ಹೋಟೆಲಿನ ಮಾಣಿಗಳು ತಮಿಳಿನಲ್ಲೇ ಮಾತಾಡುತ್ತಾರೆ. ಇಂಗ್ಲಿಷ್ ಬಾರದ ಅವ್ವ ಮಗನ ಮುಖ ನೋಡದೆ ತಾನೇ ಹೋಗಿ ಒಂದು ಮೊಳ ಹೂವು ಕೊಂಡು, ವೀರಮಾಕಾಳಿಯಮ್ಮನ ಗುಡಿಗೆ ಹೋಗಿ ಕೈಮುಗಿದು ಬರಬಹುದು. ಪಾರ್ಕಿನ ದಿನ ರೈಡ್ ಬೇಡವೆನ್ನುವ ಹಿರಿಯರು ಟಿಕೆಟ್ಟಿನ ದುಡ್ಡು ಉಳಿಸಿ ಇಲ್ಲೇ ಹಾಯಾಗಿರಬಹುದು. ಈ ಅನುಕೂಲ ಸೆಂಟೋಸದ ಯಾವ ರೆಸಾರ್ಟಿನಲ್ಲೂ ಸಿಗುವುದಿಲ್ಲ. ಒಂದು ಸಂಗತಿ ಮಾತ್ರ ತಿಳಿದಿರಲಿ. ಭಾನುವಾರ ರಜೆ ಸಿಕ್ಕ ವಲಸೆ ಕಾರ್ಮಿಕರು ಊರಿನ ಎಲ್ಲ ಕಡೆಯಿಂದ ಅಲ್ಲಿಗೆ ಬರುವುದರಿಂದ ಸಂಜೆ ಬೀದಿಗಳು ಕಿಕ್ಕಿರಿಯುತ್ತವೆ. ಭಯಪಡುವಂಥದ್ದೇನಿಲ್ಲ. ಗದ್ದಲ ಆಗದವರು ಬೀದಿಯ ಕಡೆಗಿಲ್ಲದ ಕೋಣೆ ಕೇಳಿಕೊಳ್ಳಬೇಕು.

ದರದ ಪಕ್ಕದ ಎರಡು ಕೂಡಿಸುವ ಚಿಹ್ನೆ

ಸಿಂಗಪುರದ ಹೋಟೆಲ್ ದರದ ಮುಂದೆ ಕೆಲವೆಡೆ ‘++’ ಎಂದು ಬರೆದಿರುತ್ತಾರೆ. ಬಜೆಟ್ ತಪ್ಪುವುದು ಇಲ್ಲಿ. ಮೊದಲ ಕೂಡಿಸು ಶೇ 10ರ ಸೇವಾ ಶುಲ್ಕ. ಎರಡನೆಯದು ಅಲ್ಲಿನ ಜಿಎಸ್‌ಟಿ, 2024ರ ಜನವರಿಯಿಂದ ಶೇ 9. ಈ ತೆರಿಗೆ ಬೀಳುವುದು ಸೇವಾ ಶುಲ್ಕ ಸೇರಿದ ಮೊತ್ತದ ಮೇಲೆ. ಒಂದು ಕೋಣೆಗೆ 150 ಡಾಲರ್ ++ ಎಂದಿದೆ ಎನ್ನಿ. 150ಕ್ಕೆ 15 ಸೇರಿ 165. ಅದರ ಮೇಲೆ ಶೇ 9 ಎಂದರೆ 14 ಡಾಲರ್ 85 ಸೆಂಟ್. ಕೊನೆಗೆ ಕೈಯಿಂದ ಹೋಗುವುದು ರಾತ್ರಿಗೆ 179.85 ಡಾಲರ್. ಡಾಲರಿಗೆ ಸುಮಾರು 70 ರೂಪಾಯಿ ಎಂದು ಹಿಡಿದರೆ ಹತ್ತೂವರೆ ಸಾವಿರದ ಕೋಣೆ ಹನ್ನೆರಡೂವರೆ ಸಾವಿರಕ್ಕೆ ನಿಲ್ಲುತ್ತದೆ. ನಾಲ್ಕು ರಾತ್ರಿಗೆ ಎಂಟು ಸಾವಿರದ ಮೇಲೆ ವ್ಯತ್ಯಾಸ. ಬುಕಿಂಗ್ ಆಪ್‌ಗಳಲ್ಲೂ ಮೊದಲ ಪುಟದಲ್ಲಿ ಕಡಿಮೆ ದರ ತೋರಿಸಿ, ಹಣ ಕಟ್ಟುವ ಪುಟದಲ್ಲಿ ತೆರಿಗೆ ಸೇರಿಸುವುದುಂಟು. ಎರಡು ಹೋಟೆಲ್‌ಗಳನ್ನು ಹೋಲಿಸುವುದಾದರೆ ಎರಡರ ಕೊನೆಯ ಪುಟದ ಮೊತ್ತವನ್ನೇ ಹೋಲಿಸಿ. ಬೆಳಗಿನ ತಿಂಡಿ ಸೇರಿದೆಯೇ ಎಂಬುದನ್ನೂ ಆಗಲೇ ನೋಡಿಕೊಳ್ಳಿ. ಲಿಟಲ್ ಇಂಡಿಯಾದಲ್ಲಿ ಉಳಿಯುವವರಿಗೆ ಹೋಟೆಲಿನ ತಿಂಡಿಗೆ ಬೇರೆ ದುಡ್ಡು ತೆರುವ ಅಗತ್ಯ ಇಲ್ಲ.

ಇನ್ನು ಕೋಣೆಯಲ್ಲಿ ಎಷ್ಟು ಜನ ಎಂಬ ವಿಚಾರ. ಮಾದಪ್ಪನ ಬೆಟ್ಟದಲ್ಲಿ ಒಂದು ಕೋಣೆ ಸಿಕ್ಕರೆ ಚಾಪೆ ಹಾಸಿ ಎಂಟು ಜನ ಮಲಗುವ ರೂಢಿ ನಮ್ಮದು. ಸಿಂಗಪುರದಲ್ಲಿ ಅದು ನಡೆಯುವುದಿಲ್ಲ. ಒಂದು ಕೋಣೆಗೆ ಇಷ್ಟೇ ಜನ ಎಂಬ ಮಿತಿ ಕಟ್ಟುನಿಟ್ಟು, ಚೆಕ್-ಇನ್ ಮಾಡುವಾಗ ಪ್ರತಿಯೊಬ್ಬರ ಪಾಸ್‌ಪೋರ್ಟ್ ಕೇಳುತ್ತಾರೆ. ಇಬ್ಬರ ಹೆಸರಲ್ಲಿ ಬುಕ್ ಮಾಡಿ ನಾಲ್ವರು ಹೋಗಿ ನಿಂತರೆ ಅಂದಿನ ದುಬಾರಿ ದರಕ್ಕೆ ಇನ್ನೊಂದು ಕೋಣೆ ಹಿಡಿಯಬೇಕಾಗುತ್ತದೆ, ಕೋಣೆ ಖಾಲಿ ಇದ್ದರೆ. ಹೀಗಾಗಿ ಹುಡುಕುವಾಗಲೇ ದೊಡ್ಡವರೆಷ್ಟು, ಮಕ್ಕಳೆಷ್ಟು, ಮಕ್ಕಳ ವಯಸ್ಸೆಷ್ಟು ಎಂಬುದನ್ನು ಇದ್ದದ್ದು ಇದ್ದಂತೆ ಹಾಕಿ. ‘ಮಕ್ಕಳಿಗೆ ಉಚಿತ’ ಎಂದು ಬರೆದಿರುವಲ್ಲೂ ಸಾಮಾನ್ಯವಾಗಿ ಅದು ಒಂದೇ ಮಗುವಿಗೆ, ಅದೂ ಇರುವ ಮಂಚದಲ್ಲೇ ಮಲಗಿಸಿಕೊಳ್ಳುವುದಾದರೆ.

ನಾಲ್ವರ ಕುಟುಂಬಕ್ಕೆ ‘ಫ್ಯಾಮಿಲಿ ರೂಮ್’ ಅಥವಾ ‘ಕ್ವಾಡ್ ರೂಮ್’ ಎಂದು ಹುಡುಕಿ. ಹಾಸ್ಟೆಲ್‌ಗಳಲ್ಲೂ ನಾಲ್ಕು ಬಂಕ್ ಹಾಸಿಗೆಯ ಬಾಗಿಲು ಹಾಕಿಕೊಳ್ಳುವ ಖಾಸಗಿ ಕೋಣೆಗಳಿವೆ, ಬಚ್ಚಲು ಮಾತ್ರ ಬಹುಪಾಲು ಹೊರಗೆ. ಸಣ್ಣ ಮಕ್ಕಳಿರುವ ಎಳೆಯ ದಂಪತಿಗೆ ಅದು ನಡೆಯುತ್ತದೆ. ರಾತ್ರಿ ಎರಡು ಮೂರು ಸಲ ಏಳುವ ಹಿರಿಯರಿಗೆ ನಡೆಯುವುದಿಲ್ಲ. ಆರು ಜನರಿದ್ದರೆ ದೊಡ್ಡ ಕೋಣೆಯೊಂದಕ್ಕಾಗಿ ಅಲೆಯುವ ಬದಲು ಒಂದೇ ಮಹಡಿಯಲ್ಲಿ ಎರಡು ಕೋಣೆ ತೆಗೆದುಕೊಳ್ಳಿ. ಲೆಕ್ಕ ಹಾಕಿದರೆ ಹೆಚ್ಚು ವ್ಯತ್ಯಾಸ ಬರುವುದಿಲ್ಲ, ಎರಡು ಬಚ್ಚಲು ಸಿಗುತ್ತವೆ. ಪಾರ್ಕಿಗೆ ಹೊರಡುವ ಬೆಳಿಗ್ಗೆ ಆರು ಜನ ಒಂದೇ ಬಚ್ಚಲಿಗೆ ಸಾಲು ನಿಂತರೆ ಒಂದು ಗಂಟೆ ಅಲ್ಲೇ ಹೋಗುತ್ತದೆ.

ಕೋಣೆಯ ಅಳತೆ ಚದರ ಮೀಟರಿನಲ್ಲಿರುತ್ತದೆ, ಅದನ್ನು ಹತ್ತೂಮುಕ್ಕಾಲಿನಿಂದ ಗುಣಿಸಿ ಚದರ ಅಡಿ ಮಾಡಿಕೊಳ್ಳಿ. 12 ಚದರ ಮೀಟರ್ ಎಂದರೆ ಸುಮಾರು 130 ಚದರ ಅಡಿ, ಹನ್ನೊಂದು ಅಡಿಗೆ ಹನ್ನೆರಡು ಅಡಿಯ ಚಿಕ್ಕ ಕೋಣೆ. ಬಚ್ಚಲೂ ಅದರೊಳಗೇ ಸೇರಿರುತ್ತದೆ. ಮಂಚ ಹೋಗಿ ಉಳಿದ ಜಾಗದಲ್ಲಿ ಎರಡು ಸೂಟ್‌ಕೇಸ್ ಬಿಚ್ಚಿಟ್ಟರೆ ನಡೆಯಲು ದಾರಿಯಿಲ್ಲ. ಅಗ್ಗದ ದರಕ್ಕೆ ಇನ್ನೆರಡು ಕಾರಣಗಳನ್ನು ಸಣ್ಣ ಅಕ್ಷರದಲ್ಲಿ ಹುಡುಕಬೇಕು. ಒಂದು, ಕಿಟಕಿ. ‘ವಿಂಡೋಲೆಸ್’ ಅಥವಾ ‘ನೋ ವಿಂಡೋ’ ಎಂದಿದ್ದರೆ ಗೋಡೆ ನಾಲ್ಕೂ ಗೋಡೆಯೇ. ಎರಡು ದಿನಕ್ಕೆ ತಡೆದುಕೊಳ್ಳಬಹುದು, ಹೊಲದ ಬಯಲಲ್ಲಿ ಬಾಳಿದ ಜೀವಕ್ಕೆ ನಾಲ್ಕು ರಾತ್ರಿ ಉಸಿರುಗಟ್ಟುತ್ತದೆ. ಎರಡು, ಲಿಫ್ಟ್. ಲಿಟಲ್ ಇಂಡಿಯಾ, ಚೈನಾಟೌನ್‌ಗಳ ಹಳೆಯ ಅಂಗಡಿಮನೆಗಳನ್ನು ಹೋಟೆಲ್ ಮಾಡಿದ ಕಡೆ ಲಿಫ್ಟ್ ಇಲ್ಲದಿರಬಹುದು, ಮೆಟ್ಟಿಲು ಕಡಿದಾಗಿರುತ್ತವೆ. ವಿವರದಲ್ಲಿ ‘ಎಲಿವೇಟರ್’ ಎಂಬ ಪದ ಕಾಣದಿದ್ದರೆ ಹೋಟೆಲಿಗೆ ಸಂದೇಶ ಕಳಿಸಿ ಕೇಳಿ. ನೆಲಮಹಡಿ ಅಥವಾ ಮೊದಲ ಮಹಡಿಯೇ ಬೇಕೆಂದು ಬುಕಿಂಗ್‌ನಲ್ಲಿ ಬರೆಸಿ.

ಯಾರದೋ ಫ್ಲಾಟ್ ಬೇಡ

ಬೇರೆ ದೇಶಗಳಲ್ಲಿ ಕುಟುಂಬಗಳು ಇಡೀ ಮನೆಯನ್ನೇ ನಾಲ್ಕು ದಿನಕ್ಕೆ ಬಾಡಿಗೆಗೆ ಹಿಡಿದು, ಅಡುಗೆ ಮಾಡಿಕೊಂಡು ದುಡ್ಡು ಉಳಿಸುವುದುಂಟು. ಸಿಂಗಪುರದಲ್ಲಿ ಇದು ಕಾನೂನುಬಾಹಿರ. ಖಾಸಗಿ ಮನೆಗಳನ್ನು ಮೂರು ತಿಂಗಳಿಗಿಂತ ಕಡಿಮೆ ಅವಧಿಗೆ ಬಾಡಿಗೆಗೆ ಕೊಡುವಂತಿಲ್ಲ. ಎಚ್‌ಡಿಬಿ ಎಂಬ ಸರ್ಕಾರಿ ವಸತಿ ಫ್ಲಾಟ್‌ಗಳಿಗೆ ಕನಿಷ್ಠ ಆರು ತಿಂಗಳು. ಹೀಗಿದ್ದೂ ಅಗ್ಗದ ಫ್ಲಾಟ್ ಎಂದು ಯಾರಾದರೂ ವಾಟ್ಸ್‌ಆ್ಯಪ್‌ನಲ್ಲಿ ಚಿತ್ರ ಕಳಿಸಿದರೆ ಮುಂಗಡ ಕಟ್ಟಬೇಡಿ. ಹೋಟೆಲ್ ಅಸಲಿಯೇ ಎಂಬ ಅನುಮಾನ ಬಂದರೆ ಅಲ್ಲಿನ ಹೋಟೆಲ್ಸ್ ಲೈಸೆನ್ಸಿಂಗ್ ಬೋರ್ಡ್‌ನ ಪರವಾನಗಿ ಪಟ್ಟಿಯಲ್ಲಿ ಹೆಸರಿದೆಯೇ ನೋಡಬಹುದು.

ಗಡಿಯಾಚೆ ಮಲೇಷ್ಯಾದ ಜೊಹೊರ್ ಬಾರುವಿನಲ್ಲಿ ಕೋಣೆ ಅರ್ಧ ಬೆಲೆಗೂ ಸಿಗುತ್ತದೆ, ಸೇತುವೆ ದಾಟಿ ಬಂದು ಹೋಗಬಹುದು ಎಂದು ಸಲಹೆ ಕೊಡುವವರಿದ್ದಾರೆ. ದಿನಕ್ಕೆ ನಾಲ್ಕು ಸಲ ಪಾಸ್‌ಪೋರ್ಟ್ ಹಿಡಿದು ಸಾಲು ನಿಲ್ಲಬೇಕು, ವೀಸಾ ಮತ್ತೆ ಮತ್ತೆ ಒಳಬರಲು ಅವಕಾಶ ಕೊಡುವಂಥದ್ದಾಗಿರಬೇಕು. ಮಕ್ಕಳೊಂದಿಗೆ ಇದು ಆಗದ ಕೆಲಸ. ಜೊಹೊರ್‌ನಲ್ಲಿ 2012ರಲ್ಲಿ ತೆರೆದ ಲೆಗೊಲ್ಯಾಂಡ್ ನೋಡುವ ಯೋಜನೆಯಿದ್ದರೆ ಅಲ್ಲೇ ಎರಡು ರಾತ್ರಿ ಉಳಿಯಿರಿ, ಅದು ಬೇರೆ ಲೆಕ್ಕ.

ಯಾವಾಗ ಹೋಗುವುದು ಎಂಬುದೂ ದರವನ್ನು ಏರಿಸಿ ಇಳಿಸುತ್ತದೆ. ಸಿಂಗಪುರದ ಶಾಲೆಗಳ ದೊಡ್ಡ ರಜೆ ಜೂನ್‌ನಲ್ಲಿ ಮತ್ತು ನವೆಂಬರ್ ನಡುವಿನಿಂದ ಡಿಸೆಂಬರ್ ಕೊನೆಯವರೆಗೆ. ನಮ್ಮ ಬೇಸಿಗೆ ರಜೆ ಏಪ್ರಿಲ್, ಮೇ. ಹೀಗಾಗಿ ನಮ್ಮ ಮಕ್ಕಳಿಗೆ ರಜೆ ಇರುವಾಗ ಅಲ್ಲಿನ ಮಕ್ಕಳು ಶಾಲೆಯಲ್ಲಿರುತ್ತಾರೆ, ವಾರದ ನಡುವಿನ ದಿನ ಪಾರ್ಕಿಗೆ ಹೋದರೆ ಸಾಲೂ ಚಿಕ್ಕದು. ದಸರಾ ರಜೆಯಲ್ಲಿ ಹೊರಡುವವರು ಎಚ್ಚರದಿಂದಿರಬೇಕು. ಸೆಪ್ಟೆಂಬರ್, ಅಕ್ಟೋಬರ್ ಸುಮಾರಿಗೆ ಮರೀನಾ ಬೇಯಲ್ಲಿ ಫಾರ್ಮುಲಾ ಒನ್ ಕಾರ್ ರೇಸ್ ನಡೆಯುತ್ತದೆ, ಆ ವಾರಾಂತ್ಯ ಹೋಟೆಲ್ ದರಗಳು ಕೈಗೆ ಸಿಗುವುದಿಲ್ಲ. 2025ರಲ್ಲಿ ವಿಜಯದಶಮಿ ಅಕ್ಟೋಬರ್ 2ಕ್ಕೆ ಬಂತು, ರೇಸ್ 3ರಿಂದ 5ರವರೆಗೆ. ಚೀನೀ ಹೊಸ ವರ್ಷದ ವಾರವನ್ನೂ ತಪ್ಪಿಸಿ. ದೀಪಾವಳಿಯ ಸಮಯಕ್ಕೆ ಹೋದರೆ ಸೆರಂಗೂನ್ ರಸ್ತೆಯ ಉದ್ದಕ್ಕೂ ದೀಪಾಲಂಕಾರ ನೋಡಲು ಸಿಗುತ್ತದೆ. ಸ್ವಲ್ಪ ಹೆಚ್ಚು ತೆತ್ತರೂ ಹಿರಿಯರಿಗೆ ಅದು ಪಾರ್ಕಿಗಿಂತ ಹೆಚ್ಚು ಹಿಡಿಸುತ್ತದೆ ಎಂದೇ ನನ್ನ ನಂಬಿಕೆ.

ಊಟ, ಓಡಾಟ, ಚೀಲದೊಳಗಿನ ಪೊಟ್ಟಣ

ಕೋಣೆಯಲ್ಲಿ ಒಲೆ ಹಚ್ಚುವಂತಿಲ್ಲ. ಇಂಡಕ್ಷನ್ ಒಲೆ, ರೈಸ್ ಕುಕ್ಕರ್ ತೆಗೆದುಕೊಂಡು ಹೋಗಿ ಹೊಗೆ ಎಬ್ಬಿಸಿದರೆ ಅಲಾರಂ ಕೂಗುತ್ತದೆ, ದಂಡ ಬೀಳುತ್ತದೆ. ನೀರು ಕಾಯಿಸುವ ಕೆಟಲ್ ಬಹುತೇಕ ಕೋಣೆಗಳಲ್ಲಿರುತ್ತದೆ. ಮಗುವಿನ ಗಂಜಿಗೆ, ಅಜ್ಜಿಯ ಕಾಫಿಗೆ ಅದು ಸಾಕು. ನಲ್ಲಿ ನೀರನ್ನೇ ಕುಡಿಯಬಹುದಾದ್ದರಿಂದ ಬಾಟಲಿ ನೀರಿಗೆ ದುಡ್ಡು ಹಾಕಬೇಡಿ. ಸಸ್ಯಾಹಾರಿಗಳಿಗೆ ಸೆರಂಗೂನ್ ರಸ್ತೆಯಲ್ಲಿ 1947ರಿಂದ ನಡೆಯುತ್ತಿರುವ ಕೋಮಳ ವಿಲಾಸ್ ಇದೆ. ಅದೇ ರಸ್ತೆಗೆ ನಮ್ಮ ಬೆಂಗಳೂರಿನ ಎಂಟಿಆರ್ ಕೂಡ 2013ರಲ್ಲಿ ಬಂತು. ಮಾಂಸದೂಟ ಬೇಕಾದವರಿಗೆ ಲಿಟಲ್ ಇಂಡಿಯಾ ನಿಲ್ದಾಣದ ಮಗ್ಗುಲಲ್ಲೇ ಟೆಕ್ಕಾ ಸೆಂಟರ್‌ನ ಸಾಲು ಸಾಲು ಊಟದಂಗಡಿಗಳಿವೆ. ಪಾರ್ಕಿನೊಳಗೆ ಹೊರಗಿನ ಊಟ ಬಿಡುವುದಿಲ್ಲ, ಒಳಗಿನ ದರ ದುಬಾರಿ. ಹೊಟ್ಟೆ ತುಂಬ ತಿಂಡಿ ತಿಂದು ಒಳಗೆ ಹೋಗುವುದು, ರಾತ್ರಿಯೂಟಕ್ಕೆ ಲಿಟಲ್ ಇಂಡಿಯಾಕ್ಕೆ ಮರಳುವುದು ಸರಿಯಾದ ಕ್ರಮ. ಬಚ್ಚಲಿಗೆ ಚೊಂಬು ಬೇಕೆನ್ನುವವರಿಗೆ ಫಾರರ್ ಪಾರ್ಕ್ ಬಳಿಯ ಮುಸ್ತಫಾ ಸೆಂಟರ್‌ನಲ್ಲಿ ಅದೂ ಸಿಗುತ್ತದೆ, ಬೇಕಾದ್ದೆಲ್ಲವೂ ಸಿಗುತ್ತದೆ.

ಟ್ಯಾಕ್ಸಿಯಲ್ಲಿ ಸಾಮಾನ್ಯವಾಗಿ ನಾಲ್ವರಿಗೆ ಮಾತ್ರ ಜಾಗ, ಆರು ಜನಕ್ಕೆ ಎರಡು ಗಾಡಿ ಬೇಕು. 1.35 ಮೀಟರಿಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಆಪ್ ಮೂಲಕ ಬರುವ ಖಾಸಗಿ ಕಾರುಗಳಲ್ಲಿ ಮಕ್ಕಳ ಸೀಟು ಕಡ್ಡಾಯ. ಮೀಟರ್ ಟ್ಯಾಕ್ಸಿಗಳಿಗೆ ಈ ನಿಯಮದಿಂದ ವಿನಾಯಿತಿ ಇದೆ. ರೈಲಿನ ಗೆರೆಯ ಮೇಲೆ ಕೋಣೆ ಹಿಡಿಯಿರಿ ಎಂದು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ಮನೆಯ ಹಿರಿಯರ ಎಲೆ ಅಡಿಕೆ ಚೀಲವನ್ನು ಹೊರಡುವ ಹಿಂದಿನ ದಿನ ನೀವೇ ಒಮ್ಮೆ ನೋಡಿ. ಅಗಿಯುವ ತಂಬಾಕನ್ನು ಸಿಂಗಪುರದೊಳಗೆ ಒಯ್ಯುವುದು ನಿಷಿದ್ಧ. ಕಡ್ಡಿಪುಡಿಯ ಪೊಟ್ಟಣ, ಗುಟ್ಕಾ ಯಾವುದೂ ಇರಕೂಡದು. ಚೂಯಿಂಗ್ ಗಮ್‌ಗೂ ಇದೇ ಗತಿ.

ಪೇಟೆಯ ಏಜೆಂಟರ ಪ್ಯಾಕೇಜ್‌ನಲ್ಲಿ ಹೋಗುವುದು ತಪ್ಪೇನಲ್ಲ. ಮೊದಲ ಸಲ ಹೊರಡುವವರಿಗೆ ಅದು ಧೈರ್ಯ ಕೊಡುತ್ತದೆ. ಆದರೆ ಹೋಟೆಲಿನ ಹೆಸರು ಕಾಗದದ ಮೇಲೆ ಇರಬೇಕು. ಹೆಸರಿನ ಪಕ್ಕ ‘ಆರ್ ಸಿಮಿಲರ್’ ಎಂದಿದ್ದರೆ, ಅಂದರೆ ಆ ಹೋಟೆಲ್ ಅಥವಾ ಅದೇ ಮಟ್ಟದ ಬೇರೊಂದು ಎಂದಿದ್ದರೆ, ನಿಮ್ಮನ್ನು ಎಲ್ಲಿ ಬೇಕಾದರೂ ಇಳಿಸುವ ಅವಕಾಶ ಅವರಿಗಿದೆ ಎಂದು ತಿಳಿಯಿರಿ. ಬದಲಿ ಹೋಟೆಲಿನ ಹೆಸರನ್ನೂ ಬರೆಸಿ, ಅದರ ಹತ್ತಿರದ ಎಂಆರ್‌ಟಿ ನಿಲ್ದಾಣ ಯಾವುದೆಂದು ಕೇಳಿ. ಬಿಲ್ಲಿನಲ್ಲಿ ಟಿಸಿಎಸ್, ಅಂದರೆ ಮೂಲದಲ್ಲೇ ವಸೂಲು ಮಾಡುವ ತೆರಿಗೆ, ಎಂದು ಹಿಡಿದ ಹಣವನ್ನು ಆದಾಯ ತೆರಿಗೆ ರಿಟರ್ನ್ ಸಲ್ಲಿಸುವಾಗ ಲೆಕ್ಕಕ್ಕೆ ತಂದುಕೊಳ್ಳಬಹುದು, ಆ ಚೀಟಿ ಜೋಪಾನ.

ಇದ್ದಕ್ಕಿದ್ದಂತೆ ಅಷ್ಟು ದೂರ ಬೇಡ, ಮಕ್ಕಳೂ ಹಿರಿಯರೂ ಪಾರ್ಕಿನ ಗದ್ದಲ ತಾಳುತ್ತಾರೋ ನೋಡೋಣ ಎನ್ನುವವರು ಮೊದಲು ಬಿಡದಿಯ ವಂಡರ್‌ಲಾಗೆ ಹೋಗಿಬನ್ನಿ. ಪಾರ್ಕಿಗೆ ಹೊಂದಿಕೊಂಡೇ ಅವರದೇ ರೆಸಾರ್ಟ್ ಇದೆ. ಒಂದು ರಾತ್ರಿ ಅಲ್ಲಿ ಕಳೆದರೆ ನಿಮ್ಮ ಕುಟುಂಬಕ್ಕೆ ಎಂಥ ಕೋಣೆ ಬೇಕು, ಎಷ್ಟು ಬಚ್ಚಲು ಬೇಕು, ಯಾರು ಎಷ್ಟು ಹೊತ್ತಿಗೆ ದಣಿಯುತ್ತಾರೆ ಎಂಬುದು ತಿಳಿಯುತ್ತದೆ.

ಸಿಂಗಪುರಕ್ಕೆ ಭಾರತೀಯರಿಗೆ ವೀಸಾ ಬೇಕು, ಅದರ ಶುಲ್ಕ ಮರಳಿ ಬರುವುದಿಲ್ಲ. ವೀಸಾ ಕೈಸೇರುವವರೆಗೆ ‘ಫ್ರೀ ಕ್ಯಾನ್ಸಲೇಶನ್’ ಇರುವ ಕೋಣೆಯನ್ನೇ ಹಿಡಿಯಿರಿ, ಹಣ ವಾಪಸಿಲ್ಲದ ಅಗ್ಗದ ದರಕ್ಕೆ ಒಲಿಯಬೇಡಿ. ಎಲ್ಲಕ್ಕಿಂತ ಮೊದಲು ಮನೆಯವರೆಲ್ಲರ ಪಾಸ್‌ಪೋರ್ಟ್ ತೆರೆದು ನೋಡಿ: ಪ್ರಯಾಣದ ದಿನದಿಂದ ಕನಿಷ್ಠ ಆರು ತಿಂಗಳು ಅವಧಿ ಇರಲೇಬೇಕು.